ಕುರು ಹಣ್ಣಾಗುವ ಹೊತ್ತು

ಹುಬ್ಬಳ್ಳಿಯಿಂದ ಮುಂಡಗೋಡ, ಶಿರಸಿಗಳತ್ತ ಸಾಗುವ ದಾರಿಯಲ್ಲಿ ಸಿಗುವ ತಡಸದ ಸೀಮೆಯಲ್ಲಿ, ಮೈಮೇಲೆ ಕುರುವೆದ್ದ ಹುಡುಗನಿಗೆ ಮನೆಯ ಹಿರಿಯಳು ಅಗಸೆಯ ಹಿಟ್ಟನ್ನು ಬೇಯಿಸಿ ಬಿಸಿಬಿಸಿಯಾಗಿ ಕಟ್ಟಿ, ಅವನು ನರಳಿದಾಗ “ಹಣ್ಣ ಆಗಾಕ ಹತ್ತೇತಿ, ತಡಕೋ ತಮ್ಮಾ” ಎಂದು ಸಂತೈಸುತ್ತಿದ್ದ ಕಾಲವೊಂದಿತ್ತು. ಊದಿ, ಕೆಂಪೇರಿ, ಜ್ವರವನ್ನೂ ತಂದ ಮೇಲೆಯೇ ಕುರು ಒಡೆಯತಕ್ಕದ್ದು. ಮನಸ್ಸಿನ ಬೇನೆಗೂ ಜನ ಇದೇ ನಿಯಮವನ್ನು ಹಚ್ಚಿದರು. ಗಾಳಿ ಸೋಕಿತೆನ್ನಿಸಿಕೊಂಡ ಹೆಣ್ಣುಮಗಳು ದೇವರೆದುರು ಕೂದಲು ಕೆದರಿ, ಅರಚಿ, ಸೋತು ನೆಲಕ್ಕೊರಗಿದ ಬಳಿಕವೇ ನೆರೆದವರು ನಿಟ್ಟುಸಿರಿಡುತ್ತಿದ್ದರು. ಸದ್ದಿಲ್ಲದೆ ವಾಸಿಯಾದುದನ್ನು ನಂಬುವುದು ಮನುಷ್ಯನಿಗೆ ಏಕೋ ಕಷ್ಟ.

ಶಾಸ್ತ್ರವೂ ಈ ಭಾವನೆಗೆ ಪರಕೀಯವಲ್ಲ. ವಾಂತಿ ಮಾಡಿಸುವ ವಮನ ಚಿಕಿತ್ಸೆಗೆ ಮುನ್ನ ರೋಗಿಗೆ ಹಾಲು, ಮಾಂಸರಸಗಳನ್ನುಣಿಸಿ ಅಡಗಿದ ದೋಷವನ್ನು ಬೇಕೆಂದೇ ಕೆರಳಿಸಬೇಕೆಂದು ಚರಕಸಂಹಿತೆಯ ಸಿದ್ಧಿಸ್ಥಾನ ವಿಧಿಸುತ್ತದೆ. ಆ ಕೆರಳಿಕೆಗೆ ಉತ್ಕ್ಲೇಶವೆಂಬ ಹೆಸರನ್ನೂ ಇಟ್ಟಿದೆ.

ತಡಸವು ಧಾರವಾಡ ಜಿಲ್ಲೆಯಲ್ಲಿದ್ದ ದಿನಗಳಲ್ಲಿ, ದೇವರಿಗೂ ಮಣಿಯದ ಬೇನೆಯವರಿಗೆ ಉಳಿದಿದ್ದುದು 1845ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಹುಚ್ಚರ ಆಸ್ಪತ್ರೆ. ಕಾವಲೇ ಅಂದಿನ ಚಿಕಿತ್ಸೆಯಾದುದರಿಂದ, ಮಾತಿನಿಂದ ನೋವು ಕೆರಳೀತೆ ಎಂಬ ಪ್ರಶ್ನೆಗೆ ಅಲ್ಲಿ ಎಡೆಯೇ ಇರಲಿಲ್ಲ. ಆ ಪ್ರಶ್ನೆ ಹುಟ್ಟಿದ್ದು ವಿಯೆನ್ನಾದಲ್ಲಿ. ವೈದ್ಯ ಬ್ರಾಯರನೊಡನೆ 1895ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿ ಮಾತನ್ನೇ ಔಷಧವನ್ನಾಗಿಸಿದ ಫ್ರಾಯ್ಡನು, ಚಿಕಿತ್ಸೆ ನಡೆದಿರುವಾಗಲೇ ರೋಗ ಹದಗೆಡುವುದುಂಟೆಂದು 1914ರಲ್ಲಿ ಬರೆದನು. ಗುಣವಾಗುತ್ತಿದೆಯೆಂಬ ಮಾತು ಕಿವಿಗೆ ಬಿದ್ದೊಡನೆ ಹೆಚ್ಚು ಬಳಲುವ ರೋಗಿಗಳ ವಿಚಾರವನ್ನು 1923ರಲ್ಲಿ ಎತ್ತಿದನು.

ಫ್ರಾಯ್ಡನ ಈ ವಿದ್ಯೆ 1922ರಲ್ಲಿ ಗಿರೀಂದ್ರಶೇಖರ ಬೋಸರಿಂದ ಕಲಕತ್ತೆಯಲ್ಲಿ ಸಂಘರೂಪ ತಾಳಿತು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತೆರೆಯಿತು. ಕನ್ನಡಿಗರ ಜಗಲಿಗೆ ಮನಶ್ಶಾಸ್ತ್ರವನ್ನು ಕರೆತಂದವರಲ್ಲಿ ‘ಕೊರವಂಜಿ’ ಪತ್ರಿಕೆಯಿಂದ ನಾಡನ್ನು ನಗಿಸಿದ ವೈದ್ಯ ರಾಶಿಯವರೂ ಒಬ್ಬರು. ಅವರ ಕೃತಿಯೊಂದಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದರ ಹೆಸರು ‘ಮನಮಂಥನ’. ಕಡಲನ್ನು ಕಡೆದಾಗ ಅಮೃತಕ್ಕಿಂತ ಮುಂಚೆ ಹಾಲಾಹಲವೇ ಎದ್ದುದನ್ನು ನೆನೆದರೆ ಎಷ್ಟು ಒಪ್ಪುವ ಹೆಸರು!

ಆದರೆ ಇಂಥ ಒಪ್ಪುವ ಉಪಮೆಗಳೇ ನಮ್ಮನ್ನು ದಾರಿ ತಪ್ಪಿಸುವುದೂ ಉಂಟು. ಹಾಲಾಹಲವೆದ್ದಾಗಲೆಲ್ಲ ಅಮೃತ ಬರಲೇಬೇಕೆಂಬ ನೇಮವಿಲ್ಲ. ಮಾತಿನ ಚಿಕಿತ್ಸೆಯಿಂದ ಕೆಲವರು ನಿಜಕ್ಕೂ ಕೆಡುತ್ತಾರೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಆಲೆನ್ ಬರ್ಗಿನ್ 1966ರಲ್ಲಿಯೇ ಎಚ್ಚರಿಸಿದನು. ಇತ್ತ 2002ರಲ್ಲಿ ಮನಶ್ಶಾಸ್ತ್ರಜ್ಞೆ ಎಡ್ನಾ ಫೋವಾ ಮತ್ತು ಸಂಗಡಿಗರು, ಆಘಾತದ ನೆನಪನ್ನು ಮರಳಿ ಮರಳಿ ಹೇಳಿಸುವ ಚಿಕಿತ್ಸೆಯನ್ನು ಪರೀಕ್ಷಿಸಿದಾಗ, ನೋವು ಉಲ್ಬಣಿಸಿದವರು ಕೆಲವರು ಮಾತ್ರ, ಅವರೂ ಉಳಿದವರಂತೆಯೇ ಚೇತರಿಸಿಕೊಂಡರೆಂದು ಕಂಡುಬಂದಿತು. ಅದುಕಾರಣ ಉಲ್ಬಣವು ಗುಣದ ಲಕ್ಷಣವೂ ಅಲ್ಲ, ಕೇಡಿನ ಶಕುನವೂ ಅಲ್ಲ. ಬಹುಮಂದಿಗೆ ಅದು ಬರುವುದೇ ಇಲ್ಲ.

ತಡಸದ ಹಿರಿಯಳ ಅರ್ಧ ಮಾತನ್ನಷ್ಟೇ ನಾವು ನೆನಪಿಟ್ಟೆವೆಂದು ತೋರುತ್ತದೆ. “ತಡಕೋ” ಎಂದವಳೇ ದಿನಕ್ಕೆರಡು ಸಲ ಕಟ್ಟನ್ನು ಬಿಚ್ಚಿ ನೋಡುತ್ತಿದ್ದಳು. ಬಾಯಿಗೂಡದೆ ಕೆಂಪು ತೋಳಿನ ಮೇಲಕ್ಕೆ ಹರಿಯತೊಡಗಿದರೆ, ಅಗಸೆಯ ಹಿಟ್ಟನ್ನು ಬದಿಗಿಟ್ಟು, ಹುಬ್ಬಳ್ಳಿಗೆ ಗಾಡಿ ಹೂಡೆಂದು ಮಗನಿಗೆ ಹೇಳುತ್ತಿದ್ದಳು.