ಹಳೆಯ ಆಯುಧದ ಬೆಲೆ

ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಮೂರು ತಾಲ್ಲೂಕುಗಳ ಸೀಮೆಯು ಒಂದು ಕಾಲದಲ್ಲಿ ರಾಜಧಾನಿಗಳ ಸೀಮೆಯಾಗಿದ್ದಿತು. ಕೆಳದಿ ಇಕ್ಕೇರಿಗಳು ಸಾಗರದಲ್ಲಿಯೂ, ಬಿದನೂರು ನಗರವು ಹೊಸನಗರದಲ್ಲಿಯೂ, ಕವಲೇದುರ್ಗವು ತೀರ್ಥಹಳ್ಳಿಯಲ್ಲಿಯೂ ಇರುವುವು. ಅರಸರಿದ್ದೆಡೆ ಆಯುಧಶಾಲೆ ಇದ್ದೇ ಇರುವುದು. ಅರಸರು ಹೋದರು, ಅವರ ಕಾಲದ ಕತ್ತಿ ಕಠಾರಿಗಳೂ, ಅವರ ತರುವಾಯ ಬಂದ ಇಂಗ್ಲಿಷರ ಕಾಲದ ಕೋವಿ ಪಿಸ್ತೂಲುಗಳೂ ಅಲ್ಲಲ್ಲಿ ಹಳೆಯ ಮನೆಗಳ ಅಟ್ಟಗಳಲ್ಲಿ ಉಳಿದುವು. ಆಯುಧಪೂಜೆಯ ದಿನ ಅವನ್ನು ಕೆಳಗಿಳಿಸಿ, ಹುಣಿಸೆಹಣ್ಣು ಬೂದಿಗಳಿಂದ ತಿಕ್ಕಿ, ಕುಂಕುಮವಿಟ್ಟು ಮರಳಿ ಮೇಲಿಡುವುದು ವಾಡಿಕೆ. ಇಂಥ ವಸ್ತುವಿಗೆ ಬೆಲೆಯೇನೆಂದು ಕೇಳಿದರೆ ಗುಜರಿಯವನು ತೂಕದ ಲೆಕ್ಕ ಹೇಳುವನು. ಮನೆಯವರು ಲಕ್ಷಗಳ ಮಾತನ್ನಾಡುವರು. ಎರಡೂ ಸರಿಯಲ್ಲ. ಹಾಗಾದರೆ ಬೆಲೆಕಟ್ಟುವ ಕ್ರಮ ಯಾವುದು?

ಮೊದಲು ರಿವಾಲ್ವರನ್ನೇ ನೋಡಬಹುದು. ಗುಂಡುಗಳನ್ನು ತುಂಬಿದ ಉರುಳೆಯು ತಿರುಗುತ್ತ ಒಂದೊಂದನ್ನೇ ನಳಿಗೆಯ ನೇರಕ್ಕೆ ತರುವ ಈ ಬಗೆಯ ಪಿಸ್ತೂಲಿಗೆ ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟನು ೧೮೩೬ರಲ್ಲಿ ತನ್ನ ದೇಶದ ಪೇಟೆಂಟನ್ನು ಪಡೆದನು. ಇಂಗ್ಲೆಂಡಿನಲ್ಲಿ ರಾಬರ್ಟ್ ಆಡಮ್ಸನು ೧೮೫೧ರಲ್ಲಿ ತನ್ನದೇ ಮಾದರಿಯೊಂದನ್ನು ಹೊರತಂದನು. ೧೮೮೭ರಲ್ಲಿ ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಾರಖಾನೆಯ ರಿವಾಲ್ವರನ್ನು ಬ್ರಿಟಿಷ್ ಸೈನ್ಯವು ಅಂಗೀಕರಿಸಿತು. ದಂಡಿನ ಅಧಿಕಾರಿಗಳೊಡನೆಯೂ ತೋಟದ ದೊರೆಗಳೊಡನೆಯೂ ಇಂಥ ರಿವಾಲ್ವರುಗಳು ನಮ್ಮ ದೇಶಕ್ಕೆ ಬಂದುವು.

ಹಳೆಯ ರಿವಾಲ್ವರೊಂದು ಕೈಗೆ ಬಂದಾಗ ಬಲ್ಲವರು ಅದರ ಹೊಳಪನ್ನು ನೋಡುವುದಿಲ್ಲ. ಅದರ ಮೇಲಿನ ಅಕ್ಷರಗಳನ್ನೂ ಮುದ್ರೆಗಳನ್ನೂ ಓದುವರು. ಬರ್ಮಿಂಗ್‌ಹ್ಯಾಮಿನಲ್ಲಿ ೧೮೧೩ರಲ್ಲಿ ಸ್ಥಾಪಿತವಾದ ಪರೀಕ್ಷಾಶಾಲೆಯಲ್ಲಿ ವಾಡಿಕೆಗಿಂತ ಹೆಚ್ಚು ಮದ್ದನ್ನು ತುಂಬಿ ಹಾರಿಸಿ, ತಾಳಿಕೊಂಡ ನಳಿಗೆಗೆ ಮುದ್ರೆಯೊತ್ತುತ್ತಿದ್ದರು. ಆ ಮುದ್ರೆಯಿಂದ ಆಯುಧದ ಊರೂ ಕಾಲವೂ ತಿಳಿಯುವುವು. ಅದಕ್ಕೂ ಹಿಂದಿನ ಈಸ್ಟ್ ಇಂಡಿಯಾ ಕಂಪೆನಿಯ ಕೋವಿಗಳಲ್ಲಿ ಮೊದಲು ಹೃದಯಾಕಾರದ ಗುರುತೂ, ೧೮೦೮ರ ತರುವಾಯ ಹಿಂಗಾಲಿನ ಮೇಲೆ ನಿಂತ ಸಿಂಹದ ಗುರುತೂ ಇರುವುವು. ಎರಡನೆಯದಾಗಿ, ಚೌಕಟ್ಟು, ನಳಿಗೆ, ಉರುಳೆ ಇವುಗಳ ಮೇಲಣ ಸಂಖ್ಯೆಗಳು ಒಂದಕ್ಕೊಂದು ಹೊಂದಬೇಕು. ಹೊಂದದಿದ್ದರೆ ಎರಡು ಮೂರು ಆಯುಧಗಳ ಭಾಗಗಳನ್ನು ಕೂಡಿಸಿದ್ದೆಂದು ಸಂಶಯಪಡಬೇಕಾಗುವುದು. ಮೂರನೆಯದಾಗಿ, ಉಕ್ಕಿಗೆ ಕಾರಖಾನೆಯಲ್ಲಿ ಕೊಟ್ಟ ನೀಲಿಗಪ್ಪು ಬಣ್ಣವು ಎಷ್ಟು ಉಳಿದಿದೆಯೆಂಬುದನ್ನು ನೋಡುವರು. ಹೊಸದಾಗಿ ಬಣ್ಣವೇರಿಸಿದ ಆಯುಧವು ಕಣ್ಣಿಗೆ ಚೆಂದವಾದರೂ ಬೆಲೆಯಲ್ಲಿ ಇಳಿಯುವುದು. ಹೀಗಿರಲು, ಹುಣಿಸೆಹಣ್ಣಿನಿಂದ ವರ್ಷವರ್ಷವೂ ತಿಕ್ಕಿದ ಪಿಸ್ತೂಲಿನ ಗತಿಯನ್ನು ವಾಚಕರೇ ಊಹಿಸಿಕೊಳ್ಳಬಹುದು. ಭಕ್ತಿಯಿಂದ ಮಾಡಿದ ಶುದ್ಧಿಯೇ ಅದರ ಮೈಮೇಲಿನ ಬರಹವನ್ನು ಅಳಿಸಿಬಿಡುವುದು.

ಇವೆಲ್ಲಕ್ಕಿಂತ ಮೇಲಾದ ಮತ್ತೊಂದು ಪರೀಕ್ಷೆಯುಂಟು. ಆ ವಸ್ತುವು ಯಾರ ಕೈಯಿಂದ ಯಾರ ಕೈಗೆ ಬಂದಿತು, ಅದಕ್ಕೆ ಸಾಕ್ಷಿಯೇನು ಎಂಬುದೇ ಅದು. ಟೀಪು ಸುಲ್ತಾನನ ಶಯನಗೃಹದ ಕತ್ತಿಯೆಂದು ಪ್ರಸಿದ್ಧವಾದ ಖಡ್ಗವೊಂದು ೨೦೨೩ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಹದಿನೈದರಿಂದ ಇಪ್ಪತ್ತು ಲಕ್ಷ ಪೌಂಡು ಬರಬಹುದೆಂದು ಅಂದಾಜಿದ್ದಿತು. ಬಂದುದು ಒಂದು ಕೋಟಿ ನಲವತ್ತು ಲಕ್ಷ ಪೌಂಡು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅದನ್ನು ಜನರಲ್ ಬೇರ್ಡನಿಗೆ ಕೊಟ್ಟರೆಂಬುದಕ್ಕೆ ಆಧಾರವಿದ್ದಿತು. ಅದೇ ಉಕ್ಕು, ಅದೇ ಚಿನ್ನದ ಕೆಲಸವಿದ್ದು ಆ ಆಧಾರವೊಂದು ಇಲ್ಲದಿದ್ದರೆ ಅಷ್ಟು ಬೆಲೆ ಬರುತ್ತಿರಲಿಲ್ಲ. ಕೊಂಡವನು ಕೊಟ್ಟ ಹಣದ ಬಹುಭಾಗವು ಕಬ್ಬಿಣಕ್ಕಲ್ಲ, ಚರಿತ್ರೆಗೆ ಸಂದಿತು.

ಈ ಮಾತಿಗೆ ಇನ್ನೂ ಬಲವಾದ ನಿದರ್ಶನವು ಹೊಸನಗರ ತಾಲ್ಲೂಕಿನ ನಗರದಲ್ಲಿಯೇ ದೊರೆಯಿತು. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದು, ಅದಕ್ಕೆ ಹೈದರನಗರವೆಂದು ಹೆಸರಿಟ್ಟು, ಅಲ್ಲಿ ಟಂಕಸಾಲೆಯನ್ನು ನಡೆಸಿದುದಲ್ಲದೆ ದೊಡ್ಡ ಆಯುಧಶಾಲೆಯೊಂದನ್ನೂ ಸ್ಥಾಪಿಸಿದನು. ೧೭೮೩ರಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸನು ಊರನ್ನು ಹಿಡಿದನು. ಅದೇ ವರ್ಷ ಟೀಪುವು ಅದನ್ನು ಮರಳಿ ಪಡೆದನು. ಆ ಕಾಲದ ಮೈಸೂರು ದಂಡಿನ ವಿಶೇಷಾಯುಧವೆಂದರೆ ಬಾಣ. ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ಗಿಡಿದು, ಬಿದಿರಿನ ದಂಡಕ್ಕೆ ಕಟ್ಟಿ ಹಾರಿಸುತ್ತಿದ್ದ ಇದನ್ನೇ ಈಗ ರಾಕೆಟ್ಟೆನ್ನುವರು. ಶ್ರೀರಂಗಪಟ್ಟಣದಿಂದ ಒಯ್ದ ಬಾಣಗಳನ್ನು ವುಲ್ವಿಚ್ಚಿನಲ್ಲಿ ಪರಿಶೀಲಿಸಿದ ಬಳಿಕ ವಿಲಿಯಂ ಕಾಂಗ್ರೀವನು ತನ್ನ ರಾಕೆಟ್ಟನ್ನು ರೂಪಿಸಿದನು. ೧೮೦೭ರಲ್ಲಿ ಕೋಪನ್‌ಹೇಗನ್ ನಗರವು ಅವುಗಳಿಂದ ಉರಿಯಿತು.

ಇಂಥ ಬಾಣಗಳು ಸುಮಾರು ೧೬೦ರಷ್ಟು ೨೦೦೨ರಲ್ಲಿ ನಗರದ ಬಳಿ ಸಿಕ್ಕಿದುವು. ತುಕ್ಕು ತಿಂದ ಆ ಕೊಳವೆಗಳು ಟೀಪುವಿನ ಕಾಲದ ಬಾಣಗಳೆಂಬುದು ನಿಶ್ಚಯವಾಗಲು ಸುಮಾರು ಐದು ವರ್ಷ ಹಿಡಿಯಿತು. ಮುಂದೆ ಪಾಳುಬಾವಿಯೊಂದರ ಮಣ್ಣಿನಲ್ಲಿ ಮದ್ದಿನ ವಾಸನೆ ಕಂಡುಬಂದುದರಿಂದ, ೨೦೧೮ರ ಜುಲೈ ತಿಂಗಳಲ್ಲಿ ರಾಜ್ಯದ ಪುರಾತತ್ತ್ವ ಇಲಾಖೆಯವರು ಮೂರು ದಿನ ಅಗೆದು ಸಾವಿರಕ್ಕೂ ಮಿಕ್ಕ ಬಾಣಗಳನ್ನು ಹೊರತೆಗೆದರು. ಒಂದೊಂದೂ ಗೇಣುದ್ದದ್ದು, ಹೊಳಪಿಲ್ಲ, ಚಿನ್ನದ ಕೆಲಸವಿಲ್ಲ, ಯಾವ ಅರಸನ ಹೆಸರೂ ಇಲ್ಲ. ಗುಜರಿಯವನ ತಕ್ಕಡಿಯಲ್ಲಿಟ್ಟರೆ ಹಳೆಯ ಕಬ್ಬಿಣದ ಬೆಲೆಯಷ್ಟೇ ಆಗುವುದು. ಆದರೆ ಟೀಪುವಿನ ಬಾಣಗಳೆಂದು ವುಲ್ವಿಚ್ಚಿನ ಸಂಗ್ರಹದಲ್ಲಿ ತೋರಿಸುತ್ತಿದ್ದುವು ಎರಡೇ ಎರಡು. ಬಾವಿಯ ಬಾಣಗಳಾದರೋ ಸಿಕ್ಕಿದ ಸ್ಥಳವೂ ಗೊತ್ತು, ಒಟ್ಟಿಗೆ ಇದ್ದುದೂ ಗೊತ್ತು, ಒಳಗಿನ ಮದ್ದೂ ಪರೀಕ್ಷೆಗೆ ದೊರೆಯಿತು. ಕೊಳವೆಗಳ ಅಳತೆ ಎಷ್ಟು, ಮದ್ದಿನ ಮಿಶ್ರಣ ಯಾವುದು ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲುದು ಈ ತುಕ್ಕುಕಬ್ಬಿಣವೇ ಹೊರತು ಕೋಟಿಗಟ್ಟಲೆ ಬಾಳುವ ಕತ್ತಿಯಲ್ಲ. ಯಾರಾದರೂ ಹತ್ತು ಬಾಣಗಳನ್ನು ತೆಗೆದು ಉಜ್ಜಿ ಹಂಚಿದ್ದರೆ ಹತ್ತು ಮನೆಗಳಿಗೆ ಅಲಂಕಾರವಾಗುತ್ತಿತ್ತು, ಚರಿತ್ರೆಗೆ ನಷ್ಟವಾಗುತ್ತಿತ್ತು.

ಆದುದರಿಂದ ಮನೆಯಲ್ಲಿ ಹಳೆಯ ಆಯುಧವುಳ್ಳವರು ಗಮನಿಸತಕ್ಕ ಸಂಗತಿಗಳು ಕೆಲವಿವೆ. ಹಾರಿಸಬಲ್ಲ ಕೋವಿ ಪಿಸ್ತೂಲುಗಳಿಗೆ, ಅವು ಎಷ್ಟೇ ಹಳೆಯವಾಗಲಿ, ಪರವಾನಗಿ ಬೇಕು. ದುರಸ್ತಿ ಮಾಡಿದರೂ ಹಾರಿಸಲು ಬಾರದ ಪುರಾತನ ಆಯುಧಗಳಿಗೆ ಮಾತ್ರ ೧೯೫೯ರ ಆಯುಧ ಕಾಯಿದೆಯ ೪೫ನೆಯ ಪ್ರಕರಣವು ವಿನಾಯಿತಿ ಕೊಟ್ಟಿದೆ. ನೂರು ವರ್ಷ ಮೀರಿದ ಪುರಾತನ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು ೧೯೭೨ರ ಕಾಯಿದೆಯು ನಿಷೇಧಿಸುತ್ತದೆ. ತಿಕ್ಕಿ ತೊಳೆಯುವುದನ್ನು ಬಿಟ್ಟು ಒಣಬಟ್ಟೆಯಿಂದ ಧೂಳನ್ನೊರೆಸಿದರೆ ಸಾಕು. ಕುಂಕುಮವನ್ನು ಪೆಟ್ಟಿಗೆಯ ಮೇಲಿಟ್ಟರೂ ಪೂಜೆ ಸಲ್ಲುವುದು.

ಎಲ್ಲಕ್ಕಿಂತ ಮುಖ್ಯವಾದುದು, ಹಿರಿಯರು ಬದುಕಿರುವಾಗಲೇ ಅವರನ್ನು ಕೇಳಿ, ಆಯುಧವು ಎಲ್ಲಿಂದ ಬಂದಿತು, ಯಾರದಾಗಿತ್ತು, ಮನೆಗೆ ಬಂದು ಎಷ್ಟು ಕಾಲವಾಯಿತು ಎಂಬುದನ್ನು ಕಾಗದದಲ್ಲಿ ಬರೆದು, ತಾರೀಖು ಹಾಕಿ, ಅದರೊಡನೆಯೇ ಇಡುವುದು. ಕಬ್ಬಿಣವು ಮಲೆನಾಡಿನ ಮಳೆಗೆ ಮೆಲ್ಲಮೆಲ್ಲನೆ ತುಕ್ಕಾಗುವುದು. ನೆನಪಾದರೋ ಒಬ್ಬ ಅಜ್ಜನೊಡನೆ ಒಂದೇ ದಿನದಲ್ಲಿ ಹೋಗಿಬಿಡುವುದು. ಆ ಕಾಗದವಿಲ್ಲದ ಆಯುಧಕ್ಕೆ ಕೊನೆಗೆ ಗುಜರಿಯವನು ಹೇಳಿದ ಬೆಲೆಯೇ ನಿಲ್ಲುವುದು.