ಮನಸ್ಸಿನ ಖಾತೆಗೆ ಎಷ್ಟು ಜಮಾ?

"ಮನಸ್ಸು ಗಟ್ಟಿ ಮಾಡ್ಕೊಳ್ಳಿ, ಅರ್ಧ ಕಾಯಿಲೆ ಅಲ್ಲೇ ವಾಸಿ." ಆಸ್ಪತ್ರೆಗೆ ಸೇಬು, ಮೋಸಂಬಿ ಹಿಡಿದುಕೊಂಡು ಬರುವವರೆಲ್ಲ ಹೇಳುವ ಮಾತಿದು. ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ನಾನು ಬಿಕಾಂ ಓದಿ, ಮುಂಬಯಿಗೆ ಬಂದು, ಮೂವತ್ತು ವರ್ಷ ಬ್ಯಾಂಕಿನಲ್ಲಿ ಸೊನ್ನೆಗಳ ಜೊತೆಯಲ್ಲೇ ಬದುಕಿದವನು. ಡಾಕ್ಟರ್ ಅಲ್ಲ. ಆದರೆ ಯಾರಾದರೂ ಒಂದು ಮೊತ್ತ ಹೇಳಿದರೆ "ವೋಚರ್ ಎಲ್ಲಿ?" ಅಂತ ಕೇಳುವುದು ನಮ್ಮ ವೃತ್ತಿಯ ಅಭ್ಯಾಸ. ಮನಸ್ಸಿನಿಂದ ದೇಹ ವಾಸಿಯಾಗುತ್ತದೆ ಅನ್ನುವುದಕ್ಕೆ ವೋಚರ್ ಇದೆಯೇ? ಯಾರು, ಯಾವಾಗ ಪರೀಕ್ಷೆ ಮಾಡಿದರು? ಈ ಇತಿಹಾಸ ಬಲು ಸ್ವಾರಸ್ಯವಾಗಿದೆ.

ಮೊದಲ ದೊಡ್ಡ ಆಡಿಟ್ ನಡೆದದ್ದು 1784ರಲ್ಲಿ, ಪ್ಯಾರಿಸ್‌ನಲ್ಲಿ. ಅಲ್ಲಿ ಮೆಸ್ಮರ್ ಎಂಬ ವೈದ್ಯ ಭಾರೀ ಹೆಸರು ಮಾಡಿದ್ದ. ಪ್ರಾಣಿಗಳ ದೇಹದಲ್ಲಿ ಕಣ್ಣಿಗೆ ಕಾಣದ ಒಂದು ಅಯಸ್ಕಾಂತ ಶಕ್ತಿ ಹರಿಯುತ್ತದೆ, ಅದನ್ನು ಸರಿಪಡಿಸಿದರೆ ರೋಗ ಹೋಗುತ್ತದೆ ಅಂತ ಅವನ ವಾದ. ಅವನ ಮುಂದೆ ಜನ ನಡುಗುತ್ತಿದ್ದರು, ಕಿರುಚುತ್ತಿದ್ದರು, ಮೂರ್ಛೆ ಹೋಗುತ್ತಿದ್ದರು, ಆಮೇಲೆ ಎದ್ದು "ಹಗುರವಾಯ್ತು" ಅನ್ನುತ್ತಿದ್ದರು. ಇದನ್ನು ಪರೀಕ್ಷಿಸಲು ರಾಜ ಹದಿನಾರನೇ ಲೂಯಿ ಒಂದು ಸಮಿತಿ ಮಾಡಿದ. ಸದಸ್ಯರು ಯಾರು ಗೊತ್ತೇ? ಆಗ ಪ್ಯಾರಿಸ್‌ನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್, ರಸಾಯನಶಾಸ್ತ್ರದ ಲವೋಸಿಯೇ, ಮತ್ತು ಡಾಕ್ಟರ್ ಗಿಲೋಟಿನ್! ಮುಂದೆ ಅದೇ ಗಿಲೋಟಿನ್‌ನ ಹೆಸರು ಹೊತ್ತ ಯಂತ್ರಕ್ಕೆ 1794ರಲ್ಲಿ ಲವೋಸಿಯೇ ತಲೆ ಕೊಡಬೇಕಾಗಿ ಬಂದದ್ದು ಬೇರೆ ಕಥೆ.

ಫ್ರಾಂಕ್ಲಿನ್‌ನ ಮನೆಯ ತೋಟದಲ್ಲಿ ಮೆಸ್ಮರ್‌ನ ಶಿಷ್ಯ ಒಂದು ಏಪ್ರಿಕಾಟ್ ಮರಕ್ಕೆ 'ಶಕ್ತಿ' ತುಂಬಿದ. ಹನ್ನೆರಡು ವರ್ಷದ ಒಬ್ಬ ಹುಡುಗನ ಕಣ್ಣು ಕಟ್ಟಿ ಒಂದೊಂದಾಗಿ ಬೇರೆ ನಾಲ್ಕು ಮರಗಳ ಹತ್ತಿರ ಕರೆದೊಯ್ದರು. ಹುಡುಗ ಬೆವರಿದ, ತಲೆ ತಿರುಗುತ್ತಿದೆ ಅಂದ, ನಾಲ್ಕನೇ ಮರದ ಹತ್ತಿರ ಪ್ರಜ್ಞೆ ತಪ್ಪಿ ಬಿದ್ದೇಬಿಟ್ಟ. ಶಕ್ತಿ ತುಂಬಿದ ಮರದ ಹತ್ತಿರ ಅವನಿನ್ನೂ ಹೋಗಿರಲೇ ಇಲ್ಲ! ಅಯಸ್ಕಾಂತ ಶಕ್ತಿ ಏನೂ ಇಲ್ಲ, ಇದೆಲ್ಲ ಕಲ್ಪನೆಯ ಕೆಲಸ ಅಂತ ಸಮಿತಿ ಷರಾ ಬರೆಯಿತು. ಮೆಸ್ಮರ್‌ನ ಲೆಕ್ಕ ಸುಳ್ಳಾಯಿತು, ನಿಜ. ಆದರೆ ಹುಡುಗ ಬಿದ್ದದ್ದು ಸುಳ್ಳಲ್ಲವಲ್ಲ! ಬರೀ ನಂಬಿಕೆ ಒಂದು ದೇಹವನ್ನು ನೆಲಕ್ಕೆ ಕೆಡವಿತ್ತು.

ಈ ಎರಡನೇ ಅಂಶವನ್ನು ಗಂಭೀರವಾಗಿ ತೆಗೆದುಕೊಂಡವನು ಇಂಗ್ಲೆಂಡಿನ ಡಾಕ್ಟರ್ ಹೇಗಾರ್ತ್. ಆ ಕಾಲದಲ್ಲಿ ಪರ್ಕಿನ್ಸ್ ಎಂಬ ಅಮೆರಿಕನ್ನನ ಲೋಹದ ಕಡ್ಡಿಗಳು ಜೋರಾಗಿ ಮಾರಾಟವಾಗುತ್ತಿದ್ದವು. ನೋವಿರುವ ಕಡೆ ಅವನ್ನು ಎಳೆದರೆ ಸಾಕು, ನೋವು ಮಾಯ ಅಂತ ಪ್ರಚಾರ. ಲಂಡನ್ನಿನಲ್ಲಿ ಜೋಡಿಗೆ ಐದು ಗಿನಿ! 1799ರಲ್ಲಿ ಹೇಗಾರ್ತ್ ಬಾತ್ ಊರಿನ ಆಸ್ಪತ್ರೆಯಲ್ಲಿ ಮರದ ಕಡ್ಡಿಗಳಿಗೆ ಲೋಹದ ಹಾಗೆ ಬಣ್ಣ ಬಳಿಸಿ, ಕೀಲುನೋವಿನ ಐದು ರೋಗಿಗಳ ಮೇಲೆ ಪ್ರಯೋಗಿಸಿದ. ನಾಲ್ಕು ಜನ ನೋವು ಕಡಿಮೆಯಾಯಿತು ಅಂದರು. ಮಾರನೇ ದಿನ ಅಸಲಿ ಕಡ್ಡಿ ಬಳಸಿದಾಗಲೂ ಫಲ ಅಷ್ಟೇ. ಕಲ್ಪನೆಯಿಂದ ರೋಗ ಬರಲೂಬಹುದು, ಹೋಗಲೂಬಹುದು ಅಂತ ಅವನು 1800ರಲ್ಲಿ ಪುಸ್ತಕವನ್ನೇ ಬರೆದ.

ನಮ್ಮ ದೇಶಕ್ಕೂ ಈ ಕಥೆಯಲ್ಲಿ ಒಂದು ಅಧ್ಯಾಯವಿದೆ. ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೈಲ್ ಎಂಬ ಸ್ಕಾಟಿಷ್ ಸರ್ಜನ್ ಇದ್ದ. 1845ರಲ್ಲಿ ಅವನು ಮೆಸ್ಮರ್‌ನ ವಿಧಾನದಲ್ಲಿ ರೋಗಿಗಳನ್ನು ಒಂಥರಾ ನಿದ್ದೆಗೆ ತಂದು, ಶಸ್ತ್ರಚಿಕಿತ್ಸೆ ಮಾಡತೊಡಗಿದ. ಆಗ ಆಪರೇಷನ್ ಅಂದರೆ ರೋಗಿಯನ್ನು ನಾಲ್ಕು ಜನ ಹಿಡಿದುಕೊಳ್ಳಬೇಕಾದ ಕಾಲ. ಎಸ್ಡೈಲ್ ದೊಡ್ಡ ದೊಡ್ಡ ಗಡ್ಡೆಗಳನ್ನು ತೆಗೆದ, ಎಷ್ಟೋ ರೋಗಿಗಳು ಅಲುಗಲಿಲ್ಲ. ಸರ್ಕಾರ ಸಮಿತಿ ನೇಮಿಸಿತು, 1846ರಲ್ಲಿ ಕಲ್ಕತ್ತದಲ್ಲಿ ಇದಕ್ಕೆಂದೇ ಒಂದು ಸಣ್ಣ ಆಸ್ಪತ್ರೆಯೂ ಆಯಿತು. ಆದರೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಬಾಸ್ಟನ್‌ನಲ್ಲಿ ಈಥರ್ ಪ್ರದರ್ಶನ, ಮರುವರ್ಷ ಎಡಿನ್‌ಬರೋದಲ್ಲಿ ಕ್ಲೋರೋಫಾರ್ಮ್. ಎಸ್ಡೈಲ್‌ನ ವಿಧಾನಕ್ಕೆ ಗಂಟೆಗಟ್ಟಲೆ ಬೇಕು, ಎಲ್ಲರಿಗೂ ಹಿಡಿಸುವುದಿಲ್ಲ. ಕ್ಲೋರೋಫಾರ್ಮ್‌ಗೆ ನಿಮಿಷಗಳು ಸಾಕು. ಯಾವುದು ಉಳಿಯಿತು ಅಂತ ಹೇಳಬೇಕಿಲ್ಲ.

ಮುಂದಿನ ನೂರು ವರ್ಷ ದಾಟಿಬಿಡೋಣ. ಎರಡನೇ ಮಹಾಯುದ್ಧದಲ್ಲಿ ಇಟಲಿಯ ರಣರಂಗದಲ್ಲಿ ಕೆಲಸ ಮಾಡಿದ ಅಮೆರಿಕದ ವೈದ್ಯ ಹೆನ್ರಿ ಬೀಚರ್ ಒಂದು ವಿಚಿತ್ರ ಗಮನಿಸಿದ. ಗಂಭೀರ ಗಾಯವಾದ ಸೈನಿಕರಲ್ಲಿ ಸುಮಾರು ಮುಕ್ಕಾಲು ಪಾಲು ಜನ, ಕೇಳಿದರೂ, ನೋವಿಗೆ ಔಷಧಿ ಬೇಡ ಅನ್ನುತ್ತಿದ್ದರು. ಗಾಯವಾಯಿತು ಅಂದರೆ ಜೀವ ಉಳಿಯಿತು, ಇನ್ನು ಮನೆಗೆ ಹೋಗಬಹುದು ಅನ್ನುವ ಸಮಾಧಾನವೇ ಕಾರಣವಿರಬೇಕು ಅಂದ ಬೀಚರ್. ಅಂದರೆ ನೋವಿನ ಅಳತೆ ಗಾಯವೊಂದೇ ಅಲ್ಲ, ಆ ಗಾಯದ ಅರ್ಥವೂ ಹೌದು.

ಇದರ ಒಳಗುಟ್ಟು ಸಿಕ್ಕಿದ್ದು 1970ರ ದಶಕದಲ್ಲಿ. ನಮ್ಮ ಮಿದುಳೇ ಅಫೀಮಿನಂಥ ವಸ್ತುಗಳನ್ನು ತಯಾರಿಸುತ್ತದೆ ಅಂತ 1975ರಲ್ಲಿ ತಿಳಿಯಿತು. 1978ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಬುದ್ಧಿಹಲ್ಲು ಕೀಳಿಸಿಕೊಂಡವರಿಗೆ ಔಷಧಿಯಿಲ್ಲದ ಹುಸಿಮದ್ದು ಕೊಟ್ಟರು. ಕೆಲವರಿಗೆ ನೋವು ಇಳಿಯಿತು. ಆಮೇಲೆ ಅಫೀಮಿನ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಕೊಟ್ಟಾಗ ಅವರ ನೋವು ಏರಿತು! ಅಂದರೆ 'ಬರೀ ಭ್ರಮೆ' ಅಂತ ಎರಡು ಶತಮಾನ ತಳ್ಳಿಹಾಕಿದ್ದಕ್ಕೆ ದೇಹದೊಳಗೇ ರಸಾಯನಶಾಸ್ತ್ರದ ವೋಚರ್ ಇತ್ತು.

ಚಿಂತೆಯ ಲೆಕ್ಕವೂ ಸಿಕ್ಕಿತು. 1995ರಲ್ಲಿ ಅಮೆರಿಕದ ಓಹಾಯೋದಲ್ಲಿ ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರ ತೋಳಿನಲ್ಲಿ ಒಂದು ಪುಟ್ಟ ಗಾಯ ಮಾಡಿ, ಅಂಥ ಹೊರೆ ಇಲ್ಲದ 13 ಮಹಿಳೆಯರ ಜೊತೆ ಹೋಲಿಸಿದರು. ಹೊರೆ ಹೊತ್ತವರ ಗಾಯ ಮಾಯಲು ಸುಮಾರು ಒಂಬತ್ತು ದಿನ ಹೆಚ್ಚು ಬೇಕಾಯಿತು. ಇದು ಚಿಕ್ಕ ಅಧ್ಯಯನ, ಆದರೆ ಗಾಯ ಕಣ್ಣಿಗೆ ಕಾಣುವಂಥದ್ದು, ದಿನ ಎಣಿಸಬಹುದು. ಮನೆಯಲ್ಲಿ ಹಾಸಿಗೆ ಹಿಡಿದವರ ಸೇವೆ ಮಾಡುವ ಹೆಣ್ಣುಮಕ್ಕಳನ್ನು "ನಿನಗೇನಮ್ಮಾ, ಆರಾಮ" ಅನ್ನುವವರು ಇದನ್ನು ಓದಬೇಕು.

ಇಷ್ಟು ಜಮಾ ಕಡೆ. ಈಗ ಖರ್ಚಿನ ಕಡೆ ನೋಡೋಣ.

ನಮ್ಮ ಬ್ಯಾಂಕಿನಲ್ಲಿ ಒಂದು ಕಾಲದಲ್ಲಿ ಅಲ್ಸರ್ ಅಂದರೆ ಟೆನ್ಷನ್ನಿನ ಕಾಯಿಲೆ. ವರ್ಷಾಂತ್ಯದ ಕ್ಲೋಸಿಂಗ್ ಬಂತೆಂದರೆ ಮೇಜಿನ ಮೇಲೆ ಡೈಜೀನ್ ಬಾಟಲಿ. ಡಾಕ್ಟರುಗಳೂ "ಚಿಂತೆ ಬಿಡಿ" ಅನ್ನುತ್ತಿದ್ದರು. ಆಸ್ಟ್ರೇಲಿಯಾದ ವಾರೆನ್ ಮತ್ತು ಮಾರ್ಷಲ್ ಮಾತ್ರ, ಬಹುಪಾಲು ಅಲ್ಸರ್‌ಗೆ ಮುಖ್ಯ ಕಾರಣ ಒಂದು ಬ್ಯಾಕ್ಟೀರಿಯಾ ಅಂದರು. ಜನ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾನೇ ಕುಡಿದು ಹೊಟ್ಟೆ ಕೆಡಿಸಿಕೊಂಡ! 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಬೇಕಿದ್ದದ್ದು ಆಂಟಿಬಯೋಟಿಕ್. ಅಷ್ಟು ವರ್ಷ ಸಿಕ್ಕಿದ್ದು ಉಪದೇಶ.

2011ರ ಆಸ್ತಮಾ ಪ್ರಯೋಗ ಇನ್ನೂ ಸ್ಪಷ್ಟ. ಅಸಲಿ ಇನ್‌ಹೇಲರ್ ಪಡೆದವರೂ ಹುಸಿ ಇನ್‌ಹೇಲರ್ ಪಡೆದವರೂ ಹೆಚ್ಚುಕಮ್ಮಿ ಸಮನಾಗಿ "ಉಸಿರಾಟ ಸುಧಾರಿಸಿತು" ಅಂದರು. ಆದರೆ ಯಂತ್ರವಿಟ್ಟು ಅಳೆದಾಗ ಶ್ವಾಸಕೋಶದ ಶಕ್ತಿ ಅಸಲಿಯಲ್ಲಿ ಶೇಕಡಾ 20ರಷ್ಟು ಏರಿತ್ತು, ಹುಸಿಯಲ್ಲಿ ಸುಮಾರು 7. ಏನೂ ಕೊಡದವರಲ್ಲೂ ಅಷ್ಟೇ! ಪಾಸ್‌ಬುಕ್ಕಿನಲ್ಲಿ ಎಂಟ್ರಿ ಇದೆ, ಖಾತೆಯಲ್ಲಿ ದುಡ್ಡಿಲ್ಲ ಅನ್ನುವಂತೆ. ಆಸ್ತಮಾದಲ್ಲಿ ಈ ವ್ಯತ್ಯಾಸ ಪ್ರಾಣಕ್ಕೇ ಸಂಚಕಾರ.

ನಾನು ಇದನ್ನೆಲ್ಲ ಓದಲು ಕೂತದ್ದಕ್ಕೆ ಕಾರಣವೊಂದಿದೆ. ನನ್ನ ದೊಡ್ಡಮ್ಮನ ಮಗಳು, ನಮಗೆಲ್ಲ ಅಕ್ಕ, ಸ್ತನ ಕ್ಯಾನ್ಸರ್‌ನಿಂದ ಮಲಗಿದ್ದಳು. ಬಂದವರೆಲ್ಲ "ಪಾಸಿಟಿವ್ ಆಗಿರು, ನಿನ್ನ ಕೈಯಲ್ಲೇ ಇದೆ" ಅಂದು ಹೋಗುತ್ತಿದ್ದರು. ಒಂದು ಸಂಜೆ ಎಲ್ಲರೂ ಹೋದ ಮೇಲೆ ಕೇಳಿದಳು: "ಅಲ್ಲ ತಮ್ಮಾ, ನನ್ನ ಮನಸ್ಸು ಗಟ್ಟಿ ಇಲ್ಲ ಅಂತಲೇ ಇದು ವಾಸಿ ಆಗ್ತಾ ಇಲ್ವಾ?" ನನ್ನ ಬಳಿ ಆಗ ಉತ್ತರವಿರಲಿಲ್ಲ.

ಉತ್ತರ ದಾಖಲೆಯಲ್ಲಿದೆ. 1989ರಲ್ಲಿ ಸ್ಟ್ಯಾನ್‌ಫರ್ಡ್‌ನ ಡೇವಿಡ್ ಸ್ಪೀಗಲ್, ದೇಹಕ್ಕೆಲ್ಲ ಹರಡಿದ ಸ್ತನ ಕ್ಯಾನ್ಸರ್‌ನ 86 ಮಹಿಳೆಯರ ಅಧ್ಯಯನ ಪ್ರಕಟಿಸಿದರು. ವಾರಕ್ಕೊಮ್ಮೆ ಒಟ್ಟಿಗೆ ಕೂತು ಮನಸ್ಸು ಬಿಚ್ಚಿ ಮಾತಾಡಿದವರು ಸರಾಸರಿ 36.6 ತಿಂಗಳು ಬದುಕಿದ್ದರು, ಉಳಿದವರು 18.9. ಜಗತ್ತೆಲ್ಲ ಸುದ್ದಿಯಾಯಿತು. ಆದರೆ 2001ರಲ್ಲಿ ಕೆನಡಾದಲ್ಲಿ 235 ಮಹಿಳೆಯರೊಂದಿಗೆ ಮತ್ತೆ ಪರೀಕ್ಷಿಸಿದಾಗ ಆಯಸ್ಸು ಹೆಚ್ಚಲಿಲ್ಲ. 2007ರಲ್ಲಿ ಸ್ವತಃ ಸ್ಪೀಗಲ್ ಅವರ ಹೊಸ ಅಧ್ಯಯನದಲ್ಲೂ ಒಟ್ಟಾರೆ ಆಯಸ್ಸು ಹೆಚ್ಚಿದ್ದು ಕಾಣಲಿಲ್ಲ, ಅದನ್ನು ಅವರೇ ಪ್ರಕಟಿಸಿದರು. ದೊಡ್ಡ ಮನುಷ್ಯ. ಆದರೆ ಕೆನಡಾದ ಆ ಮಹಿಳೆಯರಲ್ಲಿ ಸಂಕಟ ಮತ್ತು ನೋವಿನ ಅನುಭವ ಕಡಿಮೆಯಾಗಿತ್ತು. ಅದು ಸಣ್ಣ ಲಾಭವೇ?

ಹಾಗಾಗಿ ನನ್ನ ಬ್ಯಾಲೆನ್ಸ್ ಶೀಟ್ ಇಷ್ಟು. ನೋವು, ದಿಗಿಲು, ಗಾಯ ಮಾಯುವ ವೇಗ, ಇವುಗಳಲ್ಲಿ ಮನಸ್ಸಿಗೆ ಪಾಲಿದೆ. ಗಡ್ಡೆ ಕರಗಿಸುವುದು, ಮುಚ್ಚಿದ ಶ್ವಾಸನಾಳ ತೆರೆಯುವುದು, ಬ್ಯಾಕ್ಟೀರಿಯಾ ಕೊಲ್ಲುವುದು ಔಷಧಿಯ ಕೆಲಸ. ಮನಸ್ಸಿನ ಹೆಸರಿಗೆ ಇಲ್ಲದ ಸಾಲ ಬರೆದು, ಅದನ್ನು ರೋಗಿಯಿಂದ ವಸೂಲು ಮಾಡುವುದು ಮಾತ್ರ ಅನ್ಯಾಯ.

ಮುಂದಿನ ಸಲ ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋದಾಗ ಉಪದೇಶ ಬೇಡ. ಹತ್ತಿರ ಕೂತುಕೊಳ್ಳಿ, ಊರಿನ ಸುದ್ದಿ ಹೇಳಿ, ನರ್ಸ್ ತಂದ ಮಾತ್ರೆ ನುಂಗಲು ನೀರು ಕೊಡಿ. ನಮ್ಮ ಅಕ್ಕ ತನ್ನ ಕೊನೆಯ ತಿಂಗಳುಗಳಲ್ಲಿ ನಕ್ಕದ್ದೆಲ್ಲ ಅಂಥವರ ಜೊತೆಗೇ.