ಶ್ರೀಕಾರ ಒಡೆದಾಗ

ಈಗ ಮದುವೆಯ ಕರೆಯೋಲೆ ವಿಡಿಯೊ ಆಗಿ ಮೊಬೈಲಿಗೆ ಬರುತ್ತದೆ. ಅಕ್ಷರಗಳು ಒಂದೊಂದಾಗಿ ಮೂಡುವ ‘ಟೈಪ್‌ರೈಟರ್’ ಎಂಬ ಶೈಲಿ ಇಂಥ ವಿಡಿಯೊಗಳಲ್ಲಿ ಬಹಳ ಬಳಕೆಯಲ್ಲಿದೆ. ತಂತ್ರಾಂಶಕ್ಕೆ ಕನ್ನಡದ ಅಕ್ಷರವೆಂದರೇನು ಎಂಬುದು ತಿಳಿಯದಿದ್ದರೆ ಮೊದಲ ಪದವೇ ಒಡೆಯುತ್ತದೆ. ಮೊದಲು ‘ಶ’, ಆಮೇಲೆ ‘ಶ್’, ಆಮೇಲೆ ‘ಶ್ರ’, ಕೊನೆಗೆ ‘ಶ್ರೀ’. ಒಂದೇ ಉಸಿರಿನ ಅಕ್ಷರ ನಾಲ್ಕು ಹೆಜ್ಜೆ ಹಾಕಿ ಬರುತ್ತದೆ. ಬರವಣಿಗೆಯ ಇತಿಹಾಸ ಓದುತ್ತಿರುವ ನನಗೆ ಇದು ಬರೀ ತಾಂತ್ರಿಕ ತೊಡಕಾಗಿ ಕಾಣುವುದಿಲ್ಲ. ಇದರ ಹಿಂದೆ ಉದ್ದವಾದ ಕಥೆಯಿದೆ.

1934ರಲ್ಲಿ ‘ಸತಿ ಸುಲೋಚನ’ದಿಂದ ಕನ್ನಡ ವಾಕ್ಚಿತ್ರ ಶುರುವಾಯಿತು. ಆಮೇಲೆ ದಶಕಗಳ ಕಾಲ ಚಿತ್ರದ ಹೆಸರು ಬರೆಯುವುದು ಕಲಾವಿದರ ಕುಂಚದ ಕೆಲಸವಾಗಿತ್ತು. ಇಡೀ ಪದವೇ ಒಂದು ಚಿತ್ರವಾದ್ದರಿಂದ ಒತ್ತಕ್ಷರ ಕಳಚಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಅಮೆರಿಕದಲ್ಲಿ ಸಾಲ್ ಬಾಸ್ 1950ರ ದಶಕದಲ್ಲಿ ಶೀರ್ಷಿಕೆಗಳನ್ನು ಕುಣಿಸಿ ಅದನ್ನೇ ಒಂದು ಕಲೆಯಾಗಿಸಿದರು. 1993ರಲ್ಲಿ ‘ಆಫ್ಟರ್ ಎಫೆಕ್ಟ್ಸ್’ ಬಂದು ಆ ಕಲೆ ಕಂಪ್ಯೂಟರಿಗೆ ಇಳಿಯಿತು. ಅದರ 2003ರ ಆವೃತ್ತಿಯಲ್ಲಿ ಪದದ ಪ್ರತಿಯೊಂದು ಅಕ್ಷರವನ್ನೂ ಬೇರೆ ಬೇರೆಯಾಗಿ ಚಲಿಸುವಂತೆ ಮಾಡುವ ಸೌಲಭ್ಯ ಸೇರಿತು.

ಇಂಗ್ಲಿಷಿನ ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಕನ್ನಡದಲ್ಲಿ ಗುಣಿತ, ಒತ್ತು, ಅರ್ಕಾವತ್ತುಗಳೆಲ್ಲ ಕೂಡಿ ಒಂದು ಅಕ್ಷರ. ಸೀಸದ ಮೊಳೆಗಳ ಕಾಲದಲ್ಲೂ ಒತ್ತುಗಳು ಬೇರೆ ಮೊಳೆಗಳಾಗಿದ್ದವು, ಮೊಳೆ ಜೋಡಿಸುವವರು ಅವನ್ನು ಕೂಡಿಸುತ್ತಿದ್ದರು. ಆದರೆ ಪುಟ ಅಚ್ಚಾಗಿ ಬಂದಾಗ ಓದುಗರ ಕಣ್ಣಿಗೆ ಆ ಹೊಲಿಗೆ ಬೀಳುತ್ತಿರಲಿಲ್ಲ. ಚಲಿಸುವ ಶೀರ್ಷಿಕೆ ಮಾತ್ರ ಹೊಲಿಗೆಯನ್ನೇ ತೆರೆಯ ಮೇಲೆ ತೋರಿಸುತ್ತದೆ.

ಕೋಲಾರ ತಾಲ್ಲೂಕಿನ ಹೋಳೂರಿನ ಹೆಸರನ್ನೇ ತೆಗೆದುಕೊಳ್ಳಿ. ನಮ್ಮ ಕಿವಿಗೆ ಅದು ಹೋ, ಳೂ, ರು ಎಂಬ ಮೂರು ಅಕ್ಷರ. ಯೂನಿಕೋಡ್ ಅದನ್ನು 6 ಸಂಕೇತಗಳಾಗಿ ಇಡುತ್ತದೆ. ‘ನುಡಿ’ಯ ಹಳೆಯ ಫಾಂಟುಗಳಲ್ಲಿ ಅದೇ ಹೆಸರಿಗೆ 10 ತುಂಡು ಬೇಕು: ತಲಕಟ್ಟು ಒಂದು ತುಂಡು, ಕೊಂಬು ಇನ್ನೊಂದು, ದೀರ್ಘ ಮತ್ತೊಂದು. ಆ ಫಾಂಟಿನಲ್ಲಿ ಅಕ್ಷರಗಳನ್ನು ಹಾರಿಸಲು ಹೋದರೆ ತಲಕಟ್ಟು ಒಂದು ಕಡೆಯಿಂದ, ಕೊಂಬು ಇನ್ನೊಂದು ಕಡೆಯಿಂದ ಬರುತ್ತವೆ. ಹಾಗಿದ್ದೂ ವಿಡಿಯೊ ಸಂಕಲನಕಾರರು ಆ ಫಾಂಟುಗಳನ್ನು ಬಹುಕಾಲ ಬಿಡಲಿಲ್ಲ. ಅನೇಕ ತಂತ್ರಾಂಶಗಳು ಯೂನಿಕೋಡ್ ಕನ್ನಡದ ಒತ್ತುಗಳನ್ನು ಸರಿಯಾಗಿ ಕೂಡಿಸುತ್ತಲೇ ಇರಲಿಲ್ಲ. ನಿಂತ ಅಕ್ಷರವಾದರೂ ಸರಿಯಾಗಿ ಕಾಣಲಿ ಎಂಬುದಷ್ಟೇ ಅವರ ಲೆಕ್ಕ.

ಯೂನಿಕೋಡಿನಲ್ಲಿ ಓದುಗರ ಕಣ್ಣಿಗೆ ಒಂದು ಅಕ್ಷರ ಎಲ್ಲಿ ಮುಗಿಯುತ್ತದೆಂದು ಹೇಳುವ ಸಾಮಾನ್ಯ ನಿಯಮಗಳಿವೆ. ಗುಣಿತವನ್ನು ಅವು ವ್ಯಂಜನದ ಜೊತೆಗೇ ಇಡುತ್ತವೆ, ಹಾಗಾಗಿ ಹೋಳೂರು, ಮಾಲೂರು, ಮುಳಬಾಗಿಲು ಇವಕ್ಕೆ ತೊಂದರೆಯಿಲ್ಲ. ಕಷ್ಟ ಬರುವುದು ಶ್ರೀನಿವಾಸಪುರಕ್ಕೆ. 2023ರ 15.1ನೇ ಆವೃತ್ತಿಯಲ್ಲಿ ಸಂಯುಕ್ತಾಕ್ಷರವನ್ನೂ ಒಂದೇ ಘಟಕವೆಂದು ಎಣಿಸುವ ನಿಯಮ ಸೇರಿತು. ಅದು ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆ ನಿಯಮವನ್ನೇ ನಂಬಿ ಎಣಿಸಿದರೆ ತೆಲುಗು ಲಿಪಿಯ ಶ್ರೀನಿವಾಸಪುರ 6 ಅಕ್ಷರ, ಕನ್ನಡ ಲಿಪಿಯದು 7.

ಕೋಲಾರದ ಗಡಿಯಲ್ಲಿ ನಿಂತು ನೋಡಿದರೆ ಇದು ಇನ್ನೂ ವಿಚಿತ್ರ. ಇಲ್ಲಿ ಒಂದೇ ಮನೆಯಲ್ಲಿ ಎರಡೂ ಭಾಷೆ ನಡೆಯುತ್ತವೆ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಕೋಲಾರ ಸಂಪುಟ 1905ರಲ್ಲಿ ಬಂತು. ಅದರಲ್ಲಿ ಕನ್ನಡದ ಜೊತೆಗೆ ತಮಿಳು, ತೆಲುಗು ಶಾಸನಗಳೂ ಇವೆ. ಸುಮಾರು 13ನೇ ಶತಮಾನದವರೆಗಿನ ಬರಹವನ್ನು ಲಿಪಿತಜ್ಞರು ಕನ್ನಡ-ತೆಲುಗು ಲಿಪಿಯೆಂದು ಒಟ್ಟಿಗೇ ಕರೆಯುತ್ತಾರೆ. ಒತ್ತನ್ನು ಕೆಳಗೆ ಬರೆಯುವ ರೂಢಿ ಇಂದಿಗೂ ಎರಡರಲ್ಲೂ ಒಂದೇ. ಕಲ್ಲಿನ ಮೇಲೆ ಜೊತೆಗಿದ್ದ ಅಕ್ಕತಂಗಿಯರನ್ನು ಒಂದು ಪಟ್ಟಿ ಬೇರೆ ಮಾಡಿತು.

ಕಸುಬುದಾರರು ಇದಕ್ಕೆ ತಮ್ಮದೇ ದಾರಿ ಕಂಡುಕೊಂಡಿದ್ದಾರೆ. ಅಕ್ಷರಗಳ ಬದಲು ಇಡೀ ಪದವನ್ನೇ ಚಲಿಸುವಂತೆ ಮಾಡುತ್ತಾರೆ. ಇಲ್ಲವೇ ಪದವನ್ನು ಆಕೃತಿಯಾಗಿ ಮಾರ್ಪಡಿಸಿ, ಒತ್ತು ಗುಣಿತಗಳನ್ನು ಕೂಡಿಸಿ, ಒಂದೊಂದು ಅಕ್ಷರವನ್ನೂ ಬೇರೆ ಪದರದಲ್ಲಿ ಇಡುತ್ತಾರೆ. ಇದು ಹಳೆಯ ಕುಂಚದ ಕಲಾವಿದರ ಕೆಲಸವೇ, ಮೌಸಿನಲ್ಲಿ ಮತ್ತೆ ನಡೆಯುತ್ತಿದೆ. ಆದರೆ ಇಂಗ್ಲಿಷಿನಲ್ಲಿ ಒಂದು ಗುಂಡಿ ಒತ್ತಿದರೆ ಆಗುವ ಕೆಲಸಕ್ಕೆ ಕನ್ನಡದವರು ಹೀಗೆ ದುಡಿಯಬೇಕಾಗಿದೆ. ಅಕ್ಷರ ಎಂದರೇನು ಎಂದು ಕೇಶಿರಾಜನ ಕಾಲದಿಂದಲೂ ನಮ್ಮ ವೈಯಾಕರಣರು ಚರ್ಚಿಸಿದ್ದಾರೆ. ಯೂನಿಕೋಡಿನ ನಿಯಮಗಳು ಸಾರ್ವಜನಿಕ ಪ್ರಸ್ತಾವಗಳ ಮೇಲೆ ಬದಲಾಗುತ್ತವೆ. ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಆ ಚರ್ಚೆಯನ್ನು ಅಂಥ ಪ್ರಸ್ತಾವವಾಗಿ ಬರೆದು ಕಳುಹಿಸಬಹುದು. ಅದು ಸಾಹಿತ್ಯದ ವಿದ್ಯಾರ್ಥಿಗಳ ಕೆಲಸವೂ ಹೌದು.